ಮೆಟ್ಟಿಲಿಗೆ ಕಟ್ಟಿದ ಬಟ್ಟೆ

ಪೆಟ್ಟಿಗೆ ಕಟ್ಟುವುದರಲ್ಲಿ ಈ ಬಾವಾನನ್ನು ಮೀರಿಸುವವರು ಕುವೈತಿನ ಫಿಂಟಾಸಿನಲ್ಲಿ ಇರಲಿಲ್ಲ. ಜಂಬ ಎನ್ನುವವರು ಎನ್ನಲಿ, ಹದಿನೆಂಟು ವರ್ಷ ಅದನ್ನೇ ಮಾಡಿದವನಿಗೆ ಅಷ್ಟು ಹೇಳಿಕೊಳ್ಳುವ ಹಕ್ಕಿದೆ. ಮಂಗಳೂರು, ಕಲ್ಲಿಕೋಟೆ, ಕೊಲಂಬೊ, ಮನಿಲಾ, ಜಕಾರ್ತಾ ಎಂದು ಹಡಗಿನಲ್ಲಿ ಜನರ ಸಾಮಾನು ಕಳಿಸುವ ಕಾರ್ಗೋ ಅಂಗಡಿ ನನ್ನದು. ನನ್ನದು ಎಂದರೆ, ಕಾಗದದ ಮೇಲೆ ಅದು ನನ್ನ ಕಫೀಲನದು, ನನ್ನ ವೀಸಾಕ್ಕೆ ಹೊಣೆ ನಿಂತ ಕುವೈತಿಯದು. ಈ ದೇಶದಲ್ಲಿ ನಮ್ಮಂಥವರ ಹೆಸರಿಗೆ ಒಂದು ಗೂಡಂಗಡಿಯೂ ಬರುವುದಿಲ್ಲ. ಅದಕ್ಕಾಗಿಯೇ ಊರಿನಲ್ಲಿ, ನೇತ್ರಾವತಿಯ ದಡದಲ್ಲಿ, ನಾನೊಂದು ಮನೆ ಕಟ್ಟಿಸಿದ್ದೆ. ಎರಡು ಮಾಳಿಗೆ, ಮುಂದೆ ಹೊಳೆಗಿಳಿಯಲು ಕೆಂಪು ಕಲ್ಲಿನ ಹನ್ನೊಂದು ಮೆಟ್ಟಿಲು. ಅದನ್ನು ನೋಡಿಕೊಂಡು ನನ್ನ ಅಕ್ಕ ಪಾತುಂಞಿ ಅಲ್ಲಿದ್ದಳು.

ನನ್ನ ಅಂಗಡಿಗೆ ಎರಡು ನಿಯಮಗಳಿದ್ದವು. ಪೆಟ್ಟಿಗೆಯೊಳಗೆ ಬೆರಳು ತೂರುವಷ್ಟೂ ಸಂದು ಇರಬಾರದು, ಇದು ಒಂದು. ಹರಕು ಬಟ್ಟೆ, ಕೊಳಕು ಬಟ್ಟೆ ಹೋಗಬಾರದು, ಇದು ಎರಡು. ಊರಿನಲ್ಲಿ ಪೆಟ್ಟಿಗೆ ಬಿಚ್ಚುವಾಗ ನೆರೆಕರೆಯವರೆಲ್ಲ ಕುತ್ತಿಗೆ ಉದ್ದ ಮಾಡಿ ನಿಂತಿರುತ್ತಾರೆ. ಮೇಲೆ ಏನಿದೆಯೋ ಅದೇ ಇಲ್ಲಿ ದುಡಿಯುವವನ ಮರ್ಯಾದೆ. ಯಾರಾದರೂ ಹಳೆಯ ಬನಿಯನ್ನು ತುರುಕಲು ಬಂದರೆ ನಾನು ಅಲ್ಲೇ ತಡೆಯುತ್ತಿದ್ದೆ. "ಗಲ್ಫಿನಿಂದ ಕೊಳಕು ಬಟ್ಟೆ ಕಳಿಸುದುಂಟಾ ಮಾರಾಯ?" ಎನ್ನುತ್ತಿದ್ದೆ. ಈ ಮಾತು ನನ್ನ ಹೆಂಡತಿ ಸೈನಬಾಳಿಗೆ ಬಾಯಿಪಾಠವಾಗಿತ್ತು.

2007ರ ಜನವರಿಯಲ್ಲಿ ಮಸ್ನಾ ಬಂದಳು. ಇಂಡೋನೇಷ್ಯಾದವಳು, ನಮ್ಮ ಹಿಂದಿನ ಬೀದಿಯ ಕುವೈತಿಗಳ ಮನೆಯಲ್ಲಿ ಏಳು ವರ್ಷದಿಂದ ಕೆಲಸಕ್ಕಿದ್ದಳು. ಮೂವತ್ತೈದರ ಆಸುಪಾಸಿನ ವಿಧವೆ, ಚಿಕ್ಕ ಆಳು. ಹುಟ್ಟಿನಿಂದಲೇ ಅವಳ ಬಲಪಾದ ಒಳಕ್ಕೆ ತಿರುಗಿತ್ತು. ನಾನು ನೆಲ ಒರೆಸಿದ ಹೊತ್ತಿಗೇ ಅವಳು ಬರುವುದು, ಒಂದು ಹೆಜ್ಜೆ ನೇರ, ಒಂದು ಅಡ್ಡ ಮೂಡಿಸಿಕೊಂಡು. ಅರಬ್ಬಿ ಅರ್ಧ, ಹಿಂದಿ ಅರ್ಧ ಬೆರೆಸಿ ಮಾತಾಡುತ್ತಿದ್ದಳು. ಇಲ್ಲಿ ನಾನು ಬರೆಯುವುದು ಅದರ ಅರ್ಥವನ್ನು ಮಾತ್ರ.

ಹಾಲಿನ ಪುಡಿ, ಸಾಬೂನು, ಎರಡು ಕಂಬಳಿ ಎಲ್ಲ ಕೊಟ್ಟ ಮೇಲೆ ಅವಳು ಚೀಲದಿಂದ ಒಂದು ಸರೋಂಗ್ ತೆಗೆದಳು. ನಮ್ಮ ಲುಂಗಿಯಂತೆಯೇ ಸುತ್ತಿಕೊಳ್ಳುವ ಬಟ್ಟೆ. ಅಂಚು ಹರಿದಿತ್ತು. ಬೆವರು, ಈರುಳ್ಳಿ, ನೆಲ ತೊಳೆಯುವ ಬ್ಲೀಚು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಹೊಡೆಯಿತು.

"ಇದು ಎಲ್ಲದಕ್ಕಿಂತ ಮೇಲೆ ಇರಬೇಕು, ಬಾವಾ ಭಾಯಿ. ಒಗೆಯಬೇಡಿ."

"ಇದೇನು?"

"ನನ್ನ ಜಾಗ," ಎಂದಳು ಮಸ್ನಾ.

ಆಮೇಲೆ ವಿವರಿಸಿದಳು. ಅವಳ ಹಳ್ಳಿ ಕಲಿಮಂತಾನಿನ ಒಂದು ದೊಡ್ಡ ಹೊಳೆಯ ಮಗ್ಗುಲಲ್ಲಿದೆ. ಮನೆಗಳೆಲ್ಲ ಮರದ ಕಂಬಗಳ ಮೇಲೆ, ಮುಖ ಹೊಳೆಯ ಕಡೆಗೆ. ತರಕಾರಿಯವಳು ದೋಣಿಯಲ್ಲಿ ಬರುತ್ತಾಳೆ. ಪ್ರತಿ ಮನೆಯಿಂದಲೂ ಒಂದು ಗಟ್ಟಿ ಮರದ ಏಣಿಮೆಟ್ಟಿಲು ನೀರಿಗಿಳಿಯುತ್ತದೆ, ಅದರ ಬುಡದಲ್ಲಿ ತೇಲುವ ದಿಮ್ಮಿಗಳು. ಮೀಯುವುದು, ಒಗೆಯುವುದು, ಪಾತ್ರೆ ಉಜ್ಜುವುದು ಅಲ್ಲೇ. ಜಾಗ ಅಳೆಯುವುದೂ ಹೊಳೆಬದಿಯಿಂದಲೇ: ನೀರಿನ ಕಡೆಗೆ ಇಂತಿಷ್ಟು ಮಾರು, ಹಿಂದಕ್ಕೆ ಕಾಡು ಕಡಿದು ರಬ್ಬರು ನೆಟ್ಟಷ್ಟು. ಊರಿನ ಮುಖ್ಯಸ್ಥ ಮುದ್ರೆ ಒತ್ತಿದ ಕಾಗದಗಳೂ ಇದ್ದವಂತೆ, ಆದರೆ ಅರ್ಧಕ್ಕರ್ಧ ನೆರೆಯಲ್ಲಿ ಹೋಗಿವೆ. ಹಾಗಾಗಿ ಅಲ್ಲಿಯವರು ಕಾಗದಕ್ಕಿಂತ ಮೆಟ್ಟಿಲನ್ನು ನಂಬುತ್ತಾರೆ. ವರ್ಷಕ್ಕೊಮ್ಮೆ, ಪ್ರವಾದಿಯವರು ಹುಟ್ಟಿದ ಮೌಲಿದಿನ ತಿಂಗಳಲ್ಲಿ, ಮನೆಯ ಹಕ್ಕುದಾರರೆಲ್ಲ ಹೊಳೆಯಲ್ಲಿ ಕಾಲು ನೆನೆಸಿ ಮೊದಲ ಮೆಟ್ಟಿಲನ್ನು ತುಳಿಯಬೇಕು. ಪರದೇಶದಲ್ಲಿರುವವರು ಮೈಮೇಲೆ ಉಟ್ಟು ಬೆವರಿದ ಬಟ್ಟೆ ಕಳಿಸುತ್ತಾರೆ. ಅದನ್ನು ಮೆಟ್ಟಿಲ ಕೆಳಗಿನ ಕಂಬಕ್ಕೆ ಕಟ್ಟುತ್ತಾರೆ. ಮುಖ್ಯಸ್ಥ ದೋಣಿಯಲ್ಲಿ ಬಂದು ಎಣಿಸಿಕೊಂಡು ಹೋಗುತ್ತಾನೆ.

"ಬಟ್ಟೆ ಇಲ್ಲದಿದ್ದರೆ?"

"ಜಾಗ ಮೈದುನನಿಗೆ. ಅವನು ಕಲ್ಲಿದ್ದಲಿನ ಕಂಪನಿಗೆ ಕೊಡುತ್ತಾನೆ, ಅವರ ಸರಕುದೋಣಿ, ಬಾರ್ಜು, ನಿಲ್ಲಿಸಲು. ಪ್ರತಿ ವರ್ಷ ರಜೆಗೆ ಹೋಗುವ ನಮ್ಮೂರವರ ಕೈಯಲ್ಲಿ ಕಳಿಸುತ್ತಿದ್ದೆ. ಈ ಸಲ ಯಾರೂ ಹೋಗುತ್ತಿಲ್ಲ. ನನ್ನನ್ನು ಮಾಮಾ ಬಿಡುವುದಿಲ್ಲ." ಮಾಮಾ ಎಂದರೆ ಅವಳ ಮನೆಯೊಡತಿ. "ಗಂಡನ ಗೋರಿ ಮನೆಯ ಹಿಂದೆಯೇ ಇದೆ, ಭಾಯಿ. ನನಗೆ ಇರುವುದು ಅದೊಂದೇ ಜಾಗ."

ನಾನು ಗಂಭೀರವಾಗಿ ತಲೆಯಾಡಿಸಿದೆ. ಒಳಗೆ ನಗು. ಬೆವರಿನ ಬಟ್ಟೆಯಿಂದ ಆಸ್ತಿ ಉಳಿಯುವುದಾದರೆ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯವರೆಲ್ಲ ಧೋಬಿಗಳಾಗಬೇಕಿತ್ತು. ನಮಾಝಿನಲ್ಲಿ ಅವಳದ್ದೂ ನಮ್ಮ ಶಾಫಿ ಪಂಥದ ದಾರಿಯೇ. ಆದರೂ ಇಂಥ ಹುಚ್ಚು ನಂಬಿಕೆ ಇಟ್ಟುಕೊಂಡಿದ್ದಾಳಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಮರುದಿನ ಪೆಟ್ಟಿಗೆ ಕಟ್ಟುವಾಗ ಆ ಸರೋಂಗನ್ನು ಎತ್ತಿ ಹಿಡಿದು ನೋಡಿದೆ. ಏಳು ವರ್ಷ ಕುವೈತಿನಲ್ಲಿ ದುಡಿದವಳ ಪೆಟ್ಟಿಗೆಯ ಮೇಲೆ ಇಂಥದ್ದೊಂದು ಚಿಂದಿ ಇಡುವುದೇ? ಮೈದುನ ನೋಡಿ ಏನೆಂದುಕೊಂಡಾನು? ಪಾಪ, ಅವಳ ಮರ್ಯಾದೆ ನಾನಾದರೂ ಕಾಯಬೇಡವೇ? ಸೈನಬಾ ಯಾರಿಗಾದರೂ ಕೊಡಿ ಎಂದು ಅಂಗಡಿಯಲ್ಲಿ ಇಟ್ಟಿದ್ದ ಬಟ್ಟೆಯ ಚೀಲದಲ್ಲಿ ಒಂದು ಹಸಿರು ಶಾಲು ಇತ್ತು. ಪೆರ್ನಾಳ್ ಹಬ್ಬಕ್ಕೆ ಒಂದೇ ದಿನ ಹೊದ್ದದ್ದು, ಅವಳ ಅತ್ತರಿನ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನು ಚೆಂದಕ್ಕೆ ಮಡಚಿ ಎಲ್ಲದಕ್ಕಿಂತ ಮೇಲೆ ಇಟ್ಟು ಟೇಪು ಸುತ್ತಿದೆ. ಪುಣ್ಯದ ಕೆಲಸ ಮಾಡಿದೆನೆಂದೇ ನನಗೆ ಅನ್ನಿಸಿತು.

ಸರೋಂಗನ್ನು ಬಿಸಾಡಬೇಕಿತ್ತು. ಆದರೆ ಅದೇ ದಿನ ಊರಿನ ಹೊಸ ಮನೆಗೆ ಒಂದು ಗಾಜಿನ ತೂಗುದೀಪ ಕಳಿಸುತ್ತಿದ್ದೆ. ಗಾಜು ಸುತ್ತಲು ಮೆತ್ತನೆಯ ಹಳೆ ಬಟ್ಟೆಯೇ ಬೇಕು. ನನ್ನ ಎರಡನೆಯ ನಿಯಮವನ್ನು ನನಗೇ ಸಡಿಲಿಸಿಕೊಂಡು ಆ ಚಿಂದಿಯಲ್ಲಿ ತೂಗುದೀಪವನ್ನು ಸುತ್ತಿದೆ.

ಎರಡು ಪೆಟ್ಟಿಗೆಗಳೂ ಮಾರ್ಚಿನಲ್ಲಿ ಮುಟ್ಟಿದವು. ದೀಪ ಒಡೆಯದೆ ಬಂದಿದೆ ಎಂದು ಪಾತುಂಞಿ ಫೋನು ಮಾಡಿದಳು. ಮೌಲಿದಿನ ತಿಂಗಳು ಬಂತು, ಹೋಯಿತು.

ಏಪ್ರಿಲಿನ ಒಂದು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಮೇಲೆ ಬಂದೆ. ನಮ್ಮ ಫ್ಲ್ಯಾಟು ನಾಲ್ಕನೇ ಮಾಳಿಗೆಯಲ್ಲಿ. ಬಾಗಿಲು ತೆರೆದರೆ ಅಡುಗೆಮನೆಯವರೆಗೆ ಒದ್ದೆ ಹೆಜ್ಜೆಗಳು. ಎಡಗಾಲಿನದಕ್ಕೆ ನಾಲ್ಕೇ ಬೆರಳು. ಅದು ಸೈನಬಾಳ ಕಾಲು. ಚಿಕ್ಕಂದಿನಲ್ಲಿ ತಂದೆಯ ಜಾಗದ ಹೊಳೆಯಲ್ಲಿ ಮರುವಾಯಿ ಹೆಕ್ಕುವಾಗ ಚಿಪ್ಪು ತಾಗಿ ಕೀವಾಗಿ ಕಿರುಬೆರಳು ಹೋಗಿತ್ತು. ಅವಳು ಸೋಫಾದ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಳು.

"ಎಂತದ್ದು ಇದು, ನೆಲ ಇಡೀ ನೀರು?"

"ನನಗೆ ಗೊತ್ತಿಲ್ಲ. ನಾನು ಎದ್ದೇ ಇಲ್ಲ ಇಲ್ಲಿಂದ."

ಅವಳ ನೈಟಿಯ ಅಂಚು ಮೊಣಕಾಲಿನವರೆಗೆ ನೆನೆದಿತ್ತು. ಬಗ್ಗಿ ಮುಟ್ಟಿದೆ. ಕುವೈತಿನ ನಲ್ಲಿಯ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಸಮುದ್ರವನ್ನು ಕುದಿಸಿ ಇಳಿಸಿದ ನೀರು ಅದು. ಇದು ಚಹಾದ ಬಣ್ಣದ್ದು. ಕೆಸರಿನದೂ ಕೊಳೆತ ಎಲೆಯದೂ ವಾಸನೆ ಬರುತ್ತಿತ್ತು. ನಾನು ಎಸಿಯನ್ನು ಬೈದೆ, ಕಟ್ಟಡ ಕಾಯುವ ಈಜಿಪ್ಟಿನವನನ್ನು ಕರೆದು ಬೈದೆ. ಅವನು ಪೈಪುಗಳನ್ನೆಲ್ಲ ತಟ್ಟಿ ನೋಡಿ, ಎಲ್ಲ ಒಣಗಿದೆ ಎಂದು ಕೈಯಾಡಿಸಿ ಹೋದ.

ಆ ಮೇಲೆ ಅದು ದಿನಾ ಆಯಿತು. ಸೈನಬಾಳಿಗೆ ಹೆದರಿಕೆ ಇರಲಿಲ್ಲ. ಅದೇ ನನಗೆ ಹೆದರಿಕೆ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಇಷ್ಟು ಸಮಾಧಾನವಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಒಂದು ದಿನ ಮೀನು ಶುಚಿ ಮಾಡುತ್ತಾ ತನ್ನಷ್ಟಕ್ಕೆ ಹೇಳಿದಳು, "ಆಚೆ ದಡ ಈ ಸಲ ಸುಮಾರು ಕೊರೆದಿದೆ. ನಮ್ಮ ಕಡೆ ತೊಂದ್ರೆ ಇಲ್ಲ."

"ಯಾವ ಕಡೆ? ನೇತ್ರಾವತಿಯದ್ದಾ? ಪಾತುಂಞಿಯಕ್ಕ ಫೋನು ಮಾಡಿದ್ಲಾ?"

"ನೇತ್ರಾವತಿಯಲ್ಲಿ ಕಲ್ಲಿದ್ದಲಿನ ಬಾರ್ಜು ಹೋಗ್ತದಾ ಎಲ್ಲಿಯಾದ್ರೂ?" ಎಂದು ಅವಳು ನಕ್ಕಳು.

ಮಸ್ನಾಳ ಊರಿನ ಕಥೆಯನ್ನು ನಾನು ಸೈನಬಾಳಿಗೆ ಹೇಳಿಯೇ ಇರಲಿಲ್ಲ. ಶಾಲಿನ ವಿಷಯವನ್ನೂ ಹೇಳಿರಲಿಲ್ಲ.

ಶುಕ್ರವಾರ ಅವಳನ್ನು ಸಮುದ್ರದ ಬದಿಗೆ ಕರೆದುಕೊಂಡು ಹೋದೆ. ಫಿಂಟಾಸಿನಲ್ಲಿ ಅದೊಂದು ನಮಗೆ ಬಿಟ್ಟಿ ಸಿಗುವ ಸುಖ. ಅವಳು ಚಪ್ಪಲಿ ಬಿಚ್ಚಿ ಪಾದ ಅದ್ದಿದವಳು ಬಿಸಿ ತಾಗಿದಂತೆ ಹಿಂದೆಗೆದಳು. "ಇದು ಉಪ್ಪು. ನನ್ನದು ಸಿಹಿ ನೀರು," ಎಂದಳು. ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೊರಟೇಬಿಟ್ಟಳು.

ಮೇ ತಿಂಗಳಲ್ಲಿ ಮಸ್ನಾ ಅಂಗಡಿಗೆ ಬಂದಳು. ಜಮಿಯ್ಯಾದಿಂದ, ಬೀದಿಯ ಸಹಕಾರಿ ಅಂಗಡಿಯಿಂದ, ಮನೆಯವರಿಗೆ ಸಾಮಾನು ತರಲು ಹೊರಟವಳು, ಖಾಲಿ ಚೀಲ ಹಿಡಿದು ನೇರ ನನ್ನ ಮೇಜಿನ ಮುಂದೆ ನಿಂತಳು.

"ಭಾಯಿ, ಪೆಟ್ಟಿಗೆಯ ಮೇಲೆ ಏನಿಟ್ಟೆ?"

ಉತ್ತರಕ್ಕೆ ಅವಳು ಕಾಯಲಿಲ್ಲ, ತಾನೇ ಹೇಳಿದಳು. ಅವಳ ತಂಗಿ ಪೆಟ್ಟಿಗೆ ಬಿಚ್ಚಿದಾಗ ಹಸಿರು ಶಾಲು ಸಿಕ್ಕಿತು. ಅಕ್ಕನದೇ ಇರಬೇಕೆಂದು ಮೆಟ್ಟಿಲ ಕಂಬಕ್ಕೆ ಕಟ್ಟಿದಳು. ಮುಖ್ಯಸ್ಥ ಬಂದು ಎಣಿಸಿಕೊಂಡು ಹೋದ. ಶಾಲು ಮಸ್ನಾಳದಲ್ಲ ಎಂದು ತಕರಾರೆತ್ತಿ ಮರುವಾರ ಮೈದುನ ಕಂಪನಿಯವರನ್ನು ಕರೆದುಕೊಂಡು ಜಾಗ ಅಳೆಯಲು ಬಂದ. ಮೆಟ್ಟಿಲಲ್ಲಿ ಒದ್ದೆ ಹೆಜ್ಜೆಗಳು ಮೇಲಕ್ಕೆ ಹೋಗಿದ್ದವು, ಇಳಿದದ್ದು ಒಂದೂ ಇರಲಿಲ್ಲ. ಎಡಗಾಲಿಗೆ ನಾಲ್ಕು ಬೆರಳು. ಯಾರೆಂದು ನೋಡಲು ಮೈದುನ ಮೇಲೆ ಹತ್ತಿದ. ಅರ್ಧ ಗಳಿಗೆಯಲ್ಲಿ ಇಳಿದು ಬಂದು ದೋಣಿಯಲ್ಲಿ ಕೂತ. ಅಂದಿನಿಂದ ಆ ದಡಕ್ಕೆ ಕಾಲಿಟ್ಟಿಲ್ಲ, ಏನು ನೋಡಿದೆ ಎಂದು ಕೇಳಿದರೆ ಬಾಯಿ ಬಿಡುವುದೂ ಇಲ್ಲ.

"ನನ್ನ ತಂಗಿ ನೋಡಲು ಹೋದಳು," ಎಂದಳು ಮಸ್ನಾ. "ಹಾಡಹಗಲು, ಭಾಯಿ. ಕೆಳಗೆ ದಿಮ್ಮಿಯ ಮೇಲೆ ಒಬ್ಬಳು ಬೆನ್ನು ಹಾಕಿ ಕೂತು ಪಾತ್ರೆ ಉಜ್ಜುತ್ತಿದ್ದಳಂತೆ. ತಂಗಿ ಅಕ್ಕಾ ಎಂದು ಕರೆದಳು. ಅವಳು ತಿರುಗಿದಳು. ಅದು ನಾನಲ್ಲ." ಅವಳು ಕಣ್ಣೊರೆಸಿಕೊಂಡಳು. "ಏಳು ವರ್ಷ ಕಂಡವರ ಕಕ್ಕಸು ತೊಳೆದೆ. ಆ ಮೆಟ್ಟಿಲನ್ನು ನೆನೆದುಕೊಂಡೇ ತೊಳೆದೆ. ನನ್ನ ಜಾಗದಲ್ಲಿರುವುದು ಯಾರು? ನನ್ನ ಬಟ್ಟೆ ಎಲ್ಲಿ?"

ಕಾರ್ಗೋ ಕಳೆದುಹೋದಾಗ ಹೇಳಲು ನನ್ನ ಹತ್ತಿರ ನೂರು ಮಾತುಗಳಿವೆ. ಹಡಗು ತಡ, ಕಸ್ಟಮ್ಸ್ ರಜೆ, ಬುಕ್ರಾ ಬಾ, ನಾಳೆ ಬಾ, ಇನ್‌ಶಾ ಅಲ್ಲಾ. ನಾಚಿಕೆಯಾಗಿ ಅವನ್ನೆಲ್ಲ ಬಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಬಟ್ಟೆ ನನ್ನ ಮನೆಯಲ್ಲಿದೆ. ಇವತ್ತೇ ತರಿಸುತ್ತೇನೆ," ಎಂದು ಅವಳೆದುರೇ ಊರಿಗೆ ಫೋನು ಹಚ್ಚಿದೆ.

"ದೀಪ ಸುತ್ತಿದ ಬಟ್ಟೆಯಾ ತಮ್ಮಾ?" ಎಂದಳು ಪಾತುಂಞಿ. "ಅದನ್ನು ಹೊಳೆಯ ಮೆಟ್ಟಿಲಿನ ಕಂಬಕ್ಕೆ ಕಟ್ಟಿದ್ದೇನೆ, ಕಾಲು ಒರೆಸ್ಲಿಕ್ಕೆ. ಅದು ಬಿಡು. ನಿನ್ನತ್ರ ಒಂದು ಕೇಳ್ಬೇಕಿತ್ತು. ಆ ಹೆಂಗಸನ್ನು ಕೆಲಸಕ್ಕೆ ಕಳಿಸಿದ್ದು ನೀನಾ?"

"ಯಾವ ಹೆಂಗಸು?"

"ಒಂದು ಗಿಡ್ಡ ಹೆಂಗಸು. ದಿನಾ ಬೆಳಿಗ್ಗೆ ಮೆಟ್ಟಿಲು ಗುಡಿಸ್ತಾಳೆ. ಕರೆದ್ರೆ ತಿರುಗುದಿಲ್ಲ. ಹತ್ತಿರ ಹೋಗುವಾಗ ಇರುದಿಲ್ಲ. ಕಲ್ಲಿನ ಮೇಲೆ ಹೆಜ್ಜೆ ಮಾತ್ರ ಉಂಟು ಮಾರಾಯ, ಒಂದು ನೇರ, ಒಂದು ಅಡ್ಡ. ನನಗೆ ಮೊದಲು ಹೆದ್ರಿಕೆ ಆಯ್ತು. ಈಗ ಅಭ್ಯಾಸ ಆಗಿದೆ. ಗುಡಿಸುದು ಭಾರಿ ಚೊಕ್ಕ."

ನಾನು ಮಸ್ನಾಳ ಕಾಲಿನ ಕಡೆ ನೋಡಿದೆ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಟಾರು ಮೆತ್ತಗಾಗಿತ್ತು. ಅವಳ ಪ್ಲಾಸ್ಟಿಕ್ ಚಪ್ಪಲಿಗಳಿಂದ ನನ್ನ ನೆಲದ ಮೇಲೆ ನೀರು ಇಳಿಯುತ್ತಿತ್ತು.

"ಅಕ್ಕಾ, ಆ ಬಟ್ಟೆ ಈಗಲೇ ಬಿಚ್ಚು. ಫೋನು ಇಡಬೇಡ," ಎಂದೆ.

ಕಾದೆವು. ಅಂಗಳ ದಾಟಿ ಹೋದ ಅವಳ ಚಪ್ಪಲಿಯ ಸದ್ದು, ಕಾಗೆ, ಯಾರದೋ ಮೋಟಾರು. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಬಂದಳು. "ಬಿಚ್ಚಲಿಕ್ಕೆ ಬರುದಿಲ್ಲ ತಮ್ಮಾ. ಗಂಟೇ ಕಾಣುದಿಲ್ಲ. ಕತ್ತಿ ತಕೊಂಡು ಹೋದೆ, ಆಗ ಅವಳು ಮೇಲಿನ ಮೆಟ್ಟಿಲಲ್ಲಿ ನಿಂತಿದ್ಲು."

"ಮಾತಾಡಿದ್ಲಾ?"

"ಯಾರ ಅಪ್ಪಣೆ ಅಂತ ಕೇಳಿದ್ಲು. ಬಾವಾ ಹೇಳಿದ್ದು ಅಂದೆ." ಪಾತುಂಞಿ ಪಿಸುದನಿಯಲ್ಲಿ ಮುಂದುವರಿಸಿದಳು. "ಯಾವ ಬಾವಾ ಅಂತ ಕೇಳಿದ್ಲು. ನಮ್ಮ ಬ್ಯಾರಿ ಭಾಷೆಯಲ್ಲೇ."

ಫೋನು ಇಟ್ಟ ಮೇಲೆ ಮಸ್ನಾ ನೀರು ಕೇಳಿ ಕುಡಿದಳು. ಅಳು ನಿಂತಿತ್ತು. "ಅಲ್ಲಿ ಮೆಟ್ಟಿಲು ಎಷ್ಟು?" ಎಂದು ಕೇಳಿದಳು.

"ಹನ್ನೊಂದು."

"ಹೊಳೆ ದಡ ಕೊರೆಯುತ್ತದೆಯೇ?"

"ಇಲ್ಲ. ಕಲ್ಲು ಕಟ್ಟಿಸಿದ್ದೇನೆ."

"ಒಳ್ಳೆಯದು," ಎಂದಳು. ಬಾಡಿಗೆ ಮನೆ ನೋಡಲು ಬಂದವರ ಧಾಟಿ ಅದು.

ಇದಕ್ಕೆಲ್ಲ ಒಂದೇ ದಾರಿ ಎಂದುಕೊಂಡೆ. ಸೈನಬಾಳಿಗೆ ತಿಳಿಸಿ, ಮಸ್ನಾಳಿಂದ ಹೊಸದಾಗಿ ಒಂದು ಬಟ್ಟೆ ತೆಗೆದುಕೊಂಡು ಕಲಿಮಂತಾನಿಗೆ ಕಳಿಸುವುದು, ಶಾಲನ್ನು ಬಿಚ್ಚಿಸುವುದು. ಆಗ ಎಲ್ಲರೂ ತಮ್ಮತಮ್ಮ ಜಾಗಕ್ಕೆ ಹೋಗುತ್ತಾರೆ. ಅಂಗಡಿಗೆ ಬೀಗ ಹಾಕಿ ಮಸ್ನಾಳನ್ನು ಮೇಲೆ ಕರೆದುಕೊಂಡು ಹೋದೆ. ಲಿಫ್ಟಿನೊಳಗೆ ಅವಳು ನಿಂತಲ್ಲಿ ಸಣ್ಣ ಕೆರೆಯಾಯಿತು.

ಸೈನಬಾ ನನ್ನ ಮಾತನ್ನೆಲ್ಲ ಕೇಳಿಸಿಕೊಂಡಳು. ಬೈಯುತ್ತಾಳೆ, ಅಳುತ್ತಾಳೆ ಎಂದು ನಾನು ಕಾಯುತ್ತಿದ್ದೆ.

"ಶಾಲು ಬಿಚ್ಚಿಸ್ಬೇಡಿ," ಎಂದಳು.

"ಹುಚ್ಚಾ ನಿನಗೆ? ಅದು ಇವಳ ಜಾಗ!"

"ನನಗೆ ಗೊತ್ತುಂಟು. ಇವಳತ್ರ ನಾನು ಮಾತಾಡ್ತೇನೆ. ನಿಮ್ಮತ್ರ ಬೇರೆ ಉಂಟು." ಅವಳು ನನ್ನನ್ನೇ ನೋಡಿದಳು. "ಮದುವೆಯ ವರ್ಷ ಅಣ್ಣಂದಿರು ಕಾಗದ ತಂದ್ರು. ಸೈನು, ಇಲ್ಲಿ ಒಂದು ಸೈನ್ ಹಾಕು ಅಂದ್ರು. ತಂದೆಯ ಹೊಳೆಬದಿಯ ಜಾಗದಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮತ್ತೆ ನೀವು ಮನೆ ಕಟ್ಟಿಸಿದ್ರಿ. ನನ್ನ ಹೆಸರೂ ಸೇರಿಸ್ತೀರಾ ಅಂತ ಕೇಳಿದೆ. ಎಂತ ಹೇಳಿದ್ರಿ ನೆನಪುಂಟಾ?"

ನೆನಪಿತ್ತು. ಅದು ನಿನ್ನದೇ ಅಲ್ವಾ ಮಾರಾಯ್ತಿ, ಹೆಸರು ಯಾಕೆ ಎಂದಿದ್ದೆ. ಗೆಳೆಯರ ಮುಂದೆ ಹೇಳಿ ನಕ್ಕಿದ್ದೆ ಕೂಡ.

"ನಾಲ್ಕನೇ ಮಾಳಿಗೆಯಲ್ಲಿ ಕೂತು ಇಪ್ಪತ್ತೆರಡು ವರ್ಷ ಆಯ್ತು," ಎಂದಳು ಸೈನಬಾ. "ಈಗ ನನ್ನ ಕಾಲಿಗೆ ಒಂದು ಜಾಗ ಸಿಕ್ಕಿದೆ. ನೀವಾಗಿಯೇ ಕಳಿಸಿದ್ದು."

ಆಮೇಲೆ ಅವಳು ಮಸ್ನಾಳ ಕಡೆಗೆ ತಿರುಗಿದಳು. ಇಬ್ಬರೂ ಒಬ್ಬರ ಪಾದವನ್ನು ಒಬ್ಬರು ನೋಡಿಕೊಂಡರು. ಮುಂದೆ ಅವರು ಆಡಿದ್ದು ಯಾವ ಭಾಷೆಯೆಂದು ಈಗಲೂ ಹೇಳಲಾರೆ. ಬ್ಯಾರಿ ಭಾಷೆಯಲ್ಲ, ಅರಬ್ಬಿಯಲ್ಲ. ಆದರೂ ಪ್ರತಿಯೊಂದು ಮಾತೂ ನನಗೆ ಅರ್ಥವಾಗುತ್ತಿತ್ತು.

"ಹಿಂದಿನ ರಬ್ಬರು ಮರಗಳಲ್ಲಿ ಮೂರನೆಯ ಸಾಲು ನೆರೆಯವನದು, ಹಾಲಿಗೆ ಕೀರಬೇಡ," ಎಂದಳು ಮಸ್ನಾ.

"ಗೊತ್ತು. ಅವನ ಹೆಂಡತಿ ಹೇಳಿದಳು. ನಿನ್ನ ಕಡೆ ಬಾವಿಯ ಪಂಪಿಗೆ ಮೊದಲು ಒಂದು ಕೊಡ ನೀರು ಹೊಯ್ಯಬೇಕು, ಇಲ್ಲದಿದ್ದರೆ ಎಳೆಯುವುದಿಲ್ಲ."

"ಹೊಯ್ದೆ. ಕೆಳಗಿನ ಮೆಟ್ಟಿಲಿನ ಕಲ್ಲು ಅಲುಗಾಡುತ್ತದೆ."

"ಅವರಿಗೆ ಹೇಳಿದ್ದೆ, ಕೇಳಲಿಲ್ಲ," ಎಂದು ಸೈನಬಾ ಗದ್ದದಿಂದಲೇ ನನ್ನನ್ನು ತೋರಿಸಿದಳು.

ಆಮೇಲೆ ಮಸ್ನಾ ತಗ್ಗಿದ ದನಿಯಲ್ಲಿ ಕೇಳಿದಳು, "ನನ್ನ ಗಂಡನ ಗೋರಿ ಇದೆ ಅಲ್ಲಿ. ಶುಕ್ರವಾರ ನೀರು ಹಾಕುತ್ತೀಯಾ?"

"ಹಾಕುತ್ತಾ ಇದ್ದೇನೆ," ಎಂದಳು ನನ್ನ ಹೆಂಡತಿ.

ಮಸ್ನಾ ಅವಳ ಎರಡೂ ಕೈ ಹಿಡಿದು ಜೋರಾಗಿ ಅತ್ತಳು. ತವರಿನಿಂದ ಹೊರಡುವ ಹೆಣ್ಣಿನ ಅಳು ಅದು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಇಬ್ಬರಲ್ಲಿ ಯಾರೂ ನನ್ನನ್ನು ಕೂತುಕೊಳ್ಳಿ ಎನ್ನಲಿಲ್ಲ.

ಹೆದರಿಕೆ ನನಗೆ ನಿಜವಾಗಿ ಹತ್ತಿದ್ದು ಆ ಮೇಲೆ. ಕ್ರಯಪತ್ರ ನನ್ನ ಹೆಸರಿನಲ್ಲಿತ್ತು, ಕಪಾಟಿನಲ್ಲಿ ಭದ್ರವಾಗಿತ್ತು. ದಿನಕ್ಕೆ ಎರಡು ಸಲ ತೆಗೆದು ಓದಿದೆ. ಆದರೆ ಊರಿಗೆ ಫೋನು ಮಾಡಿದರೆ ಪಾತುಂಞಿಯ ಮಾತು ದಿನೇ ದಿನೇ ಬದಲಾಗುತ್ತಿತ್ತು. ಮೊದಲು "ನಿನ್ನ ಮನೆ" ಎನ್ನುತ್ತಿದ್ದವಳು "ಈ ಮನೆ" ಎಂದಳು. ಆಮೇಲೆ "ಇವಳ ಮನೆ" ಎಂದಳು. ಕೊನೆಗೊಂದು ದಿನ ಬಹಳ ಮರ್ಯಾದೆಯಿಂದ, "ಯಾರು ಮಾತಾಡುದು?" ಎಂದು ಕೇಳಿದಳು. ನನ್ನನ್ನು ಸೊಂಟದಲ್ಲಿ ಎತ್ತಿ ಆಡಿಸಿದ ಅಕ್ಕ.

ನನಗೆ ಉಳಿದದ್ದು ಒಂದೇ ಉಪಾಯ. ಬೇಕಿದ್ದರೆ ನಗಿ. ನಾನೂ ನನ್ನ ಬಟ್ಟೆಯೊಂದನ್ನು ಆ ಮೆಟ್ಟಿಲಿಗೆ ಕಟ್ಟಿಸಬೇಕು. ಕಪಾಟಿನಲ್ಲಿ ಹುಡುಕಿದೆ. ಬೆವರಿನದ್ದು ಒಂದೂ ಇರಲಿಲ್ಲ. ಬಿಚ್ಚಿದ್ದನ್ನು ಬಿಚ್ಚಿದ ಹಾಗೆ ಸೈನಬಾ ಮಶೀನಿಗೆ ಹಾಕಿ, ಇಸ್ತ್ರಿ ಮಾಡಿ ಇಡುತ್ತಿದ್ದಳು. ಇಪ್ಪತ್ತೆರಡು ವರ್ಷ ನನ್ನ ಬಟ್ಟೆಗೆ ನನ್ನ ವಾಸನೆ ಇರಗೊಟ್ಟಿರಲಿಲ್ಲ.

ಒಂದು ಹಳೆಯ ಲುಂಗಿಯನ್ನು ಎಂಟು ದಿನ ಉಟ್ಟೆ. ಜೂನಿನ ಬಿಸಿಲಿನಲ್ಲಿ ಅಂಗಡಿಯ ಎಸಿ ಆರಿಸಿ, ಪೆಟ್ಟಿಗೆ ಹೊತ್ತು, ಬೆವರು ಸುರಿಸಿದೆ. ಗಿರಾಕಿಗಳು ಮೂಗು ಮುಚ್ಚಿಕೊಂಡರು. ಒಂಬತ್ತನೆಯ ದಿನ ಮೀಯಲು ಹೋಗುವ ಮೊದಲು ಅದನ್ನು ಬಿಚ್ಚಿ ಒಂದು ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮಂಚದ ಕೆಳಗೆ ಇಟ್ಟೆ. ಮಸ್ನಾಳನ್ನು ಕೇಳದೆ ಕಳಿಸುವ ಧೈರ್ಯ ಇರಲಿಲ್ಲ. ಅವಳು ಗುರುವಾರ ಜಮಿಯ್ಯಾಕ್ಕೆ ಬರುವಾಗ ಕೇಳಬೇಕೆಂದು ಮಾತನ್ನೂ ಕೂಡಿಸಿಟ್ಟುಕೊಂಡೆ: ಕೆಳಗಿನ ಕಂಬ ಬೇಡ, ಮೇಲಿನದು ಸಾಕು, ಒಂದು ಮೂಲೆ ಸಾಕು.

ಗುರುವಾರ ಮಸ್ನಾ ಬಂದಳು. ನಾನು ಕೈಮುಗಿದಂತೆ ಪೆಟ್ಟಿಗೆ ಹಿಡಿದುಕೊಂಡು ಮಾತು ಹೇಳಿದೆ. ಅವಳು ಮುಚ್ಚಳ ತೆರೆದು, ಬಟ್ಟೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ಕೆಳಗಿಟ್ಟಳು.

"ಇದರಲ್ಲಿ ಯಾರೂ ಇಲ್ಲ, ಭಾಯಿ," ಎಂದಳು. ಅವಳ ದನಿಯಲ್ಲಿ ಮರುಕವಿತ್ತು.

ನೋಡಿದೆ. ಲುಂಗಿ ಬೆಳ್ಳಗೆ ಒಗೆದು, ನೀಲಿ ಹಾಕಿ, ಗಂಜಿಯಲ್ಲಿ ಅದ್ದಿ, ನಾಲ್ಕು ಮಡಿಕೆಯಾಗಿ ಇಸ್ತ್ರಿಯಾಗಿತ್ತು. ಸಾಬೂನಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಪೆಟ್ಟಿಗೆ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಲ್ಲೇ ನಾಲ್ಕು ಮಾಳಿಗೆ ಹತ್ತಿದೆ. ಬಾಗಿಲು ತೆರೆದಿತ್ತು. ನೆಲದ ಮೇಲೆ ನಾಲ್ಕು ಬೆರಳಿನ ಒದ್ದೆ ಹೆಜ್ಜೆಗಳು ಒಳಗಿಂದ ಹೊರಕ್ಕೆ ಬಂದಿದ್ದವು. ಸೈನಬಾ ಹೊಸಿಲಲ್ಲೇ ನಿಂತಿದ್ದಳು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಎಲ್ಲಿಗೋ ಹೊರಟವಳ ಹಾಗೆ.

"ಒಗೆದೆಯಾ?" ಎಂದೆ.

ಅವಳು ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಮಡಿಕೆ ಕೆಟ್ಟಿದ್ದ ಲುಂಗಿಯನ್ನು ಸರಿಮಾಡಿ, ಮುಚ್ಚಳ ಹಾಕಿ ವಾಪಸು ಕೊಟ್ಟಳು.

"ಮತ್ತೆ?" ಎಂದಳು. "ಗಲ್ಫಿನಿಂದ ಕೊಳಕು ಬಟ್ಟೆ ಕಳಿಸುದುಂಟಾ?"